ಮನೆಗೆ ಬಂದು ಕರೆದವರು

ಕಳೆದ ಭಾನುವಾರ ನರಿಮೊಗರಿನಲ್ಲಿ ಒಂದು ಸನ್ಮಾನ ಕಾರ್ಯಕ್ರಮವಿತ್ತು. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಗೆದ್ದು ಬಂದ ಅಲ್ಲಿಯದೇ ಹುಡುಗಿಗೆ ಊರವರ ಗೌರವ. ನಿರೂಪಣೆ ನನ್ನದು. ಮುಗಿಸಿ ಹೊರಡುವಾಗ ಸಮಿತಿಯವರು ಪ್ರೀತಿಯಿಂದ ಒಂದು ಹಣ್ಣಿನ ಬುಟ್ಟಿಯನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲಿಟ್ಟರು. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಕೆಂಪು ರಿಬ್ಬನ್ ಕಟ್ಟಿದ ಬುಟ್ಟಿ. ಕಾರು ಮಧ್ಯಾಹ್ನದಿಂದ ಬಿಸಿಲಿನಲ್ಲೇ ನಿಂತಿತ್ತು. ಪುತ್ತೂರು ಪೇಟೆ ಮುಟ್ಟುವ ಮೊದಲೇ ಸೇಬು, ಪೇರಳೆ, ಬಾಡಿದ ದ್ರಾಕ್ಷಿ ಎಲ್ಲ ಸೇರಿದ ಸಿಹಿ ವಾಸನೆ ಕಾರಿನೊಳಗೆ ತುಂಬಿ ನನಗೆ ಉಸಿರುಗಟ್ಟಿತು. ರಸ್ತೆ ಬದಿಗೆ ನಿಲ್ಲಿಸಿ ನಾಲ್ಕೂ ಗಾಜು ಇಳಿಸಿದೆ. ಬೇರೆಯವರಿಗೆ ಹಣ್ಣಿನ ವಾಸನೆ ಬಂದರೆ ಹಬ್ಬ ನೆನಪಾಗಬಹುದು, ನನಗೆ ನೆನಪಾಗುವುದು ನನ್ನ ಆ ಒಂದು ವರ್ಷ.

ಅದಕ್ಕಿಂತ ಮೊದಲು, ವೇದಿಕೆಯ ಹಿಂದೆ, ಆ ಹುಡುಗಿಯ ತಂದೆ ನನ್ನನ್ನು ಹಿಡಿದು ನಿಲ್ಲಿಸಿದ್ದರು. "ಮೇಡಂ, ನೀವು ಗೆದ್ದ ಮೇಲೂ ಈ ಫೀಲ್ಡಿನಲ್ಲಿ ಗಟ್ಟಿ ನಿಂತವರು. ಹೆಚ್ಚಿನವರು ಒಂದು ವರ್ಷದಲ್ಲಿ ಕಾಣೆ ಆಗ್ತಾರೆ. ನಮ್ಮ ಹುಡುಗಿ ಮುಂದೆ ಎಂತ ಮಾಡ್ಬೇಕು? ಒಂದು ದಾರಿ ಹೇಳಿ ಮಾರಾಯ್ರೆ."

ಗಟ್ಟಿ ನಿಂತವಳು! ನಾನು ಪುತ್ತೂರಿನ ಒಂದು ಸ್ಥಳೀಯ ವಾಹಿನಿಯಲ್ಲಿ ಸಂಜೆಯ ವಾರ್ತೆ ಓದುತ್ತೇನೆ. ಅಡಿಕೆ ಧಾರಣೆ, ರಸ್ತೆಯ ಹೊಂಡ, ತೋಟಕ್ಕೆ ನುಗ್ಗಿದ ಆನೆ, ಕೊನೆಯಲ್ಲಿ ನಿಧನ ವಾರ್ತೆ. ಪುತ್ತೂರು, ಕಡಬ, ಸುಳ್ಯ, ಈ ಮೂರು ತಾಲೂಕಿನಲ್ಲಿ ಯಾರು ಸತ್ತರೂ ಅದು ನನ್ನ ಬಾಯಿಯಿಂದಲೇ ಹೊರಡಬೇಕು. ಗ್ಯಾಸ್ ಸಿಲಿಂಡರಿಗೆಂದು ಫೋನ್ ಮಾಡಿದರೆ ಅಂಗಡಿಯವನು ನನ್ನ ಸ್ವರ ಕೇಳಿದ ಕೂಡಲೇ "ಯಾರು ಹೋದದ್ದು ಮೇಡಂ?" ಎಂದು ಕೇಳಿದ್ದುಂಟು. ಎರಡು ಮಳೆಗಾಲದ ಹಿಂದೆ ಅಪ್ಪ ತೀರಿಕೊಂಡಾಗ ಅದನ್ನೂ ನಾನೇ ಓದಿದೆ. ಸಂಬಳ ಬರುತ್ತದೆ, ಮದುವೆ ಮನೆಗಳಲ್ಲಿ ಜನ ಗುರುತು ಹಿಡಿಯುತ್ತಾರೆ, ಕಾರ್ಯಕ್ರಮಗಳಿಗೆ ಕರೆಯುತ್ತಾರೆ. ಇದಕ್ಕೆ ಮಾಧ್ಯಮದ ಬದುಕು ಎಂದು ಹೆಸರಿಟ್ಟರೆ ನಾನು ಬೇಡ ಎನ್ನುವುದಿಲ್ಲ.

ಆ ತಂದೆಗೆ ನಾನು "ಒಳ್ಳೆದು ಮಾಡಿ ಪ್ರಾಕ್ಟೀಸ್ ಮಾಡ್ಲಿ" ಎಂದು ಎಲ್ಲರೂ ಹೇಳುವುದನ್ನೇ ಹೇಳಿ ತಪ್ಪಿಸಿಕೊಂಡೆ. ಹೇಳಬೇಕಾಗಿದ್ದದ್ದು ಇದು.

ನಮ್ಮ ಮನೆ ಕೋಡಿಂಬಾಳದಲ್ಲಿ. ಅಪ್ಪನದ್ದು ಶಾಮಿಯಾನ ಮತ್ತು ಧ್ವನಿವರ್ಧಕದ ಬಾಡಿಗೆ ವ್ಯಾಪಾರ. ಕಡಬದಿಂದ ಸುಳ್ಯದವರೆಗೆ ಅವರಿಗೆ 'ಮೈಕಿನ ಕೇಶವಣ್ಣ' ಎಂದೇ ಹೆಸರು. ಶಾಲೆಯ ವಾರ್ಷಿಕೋತ್ಸವ, ಗೃಹಪ್ರವೇಶ, ಕಬಡ್ಡಿ ಪಂದ್ಯ, ಭಜನೆ, ಉರೂಸ್, ಯಾವುದೇ ಇರಲಿ, ಜನ ಸೇರುವಲ್ಲಿ ಅಪ್ಪನ ಸ್ಪೀಕರ್ ಪೆಟ್ಟಿಗೆಗಳು ಇರುತ್ತಿದ್ದವು. ನಾನು ಮಾತು ಕಲಿತದ್ದೇ ಮೈಕಿನಲ್ಲಿ ಎಂದು ಅಮ್ಮ ತಮಾಷೆ ಮಾಡುತ್ತಿದ್ದರು. ಅಪ್ಪ ಬದುಕಿಡೀ ಬೇರೆಯವರ ಮಾತಿಗೆ, ಬೇರೆಯವರ ಹಾಡಿಗೆ ಸ್ವರ ಏರಿಸಿದವರು. ವೇದಿಕೆ ಮೇಲೆ ಅವರನ್ನು ಯಾರೂ ಕೂರಿಸಿದ್ದಿಲ್ಲ. ಹಾಗಾಗಿ ಮಗಳು ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಗೆದ್ದಾಗ ಅವರಿಗಾದ ಸಂತೋಷವನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ನಾವು ತುಳು ಮಾತಾಡುವವರು, ಆ ಮಾತುಗಳನ್ನು ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಫೈನಲ್ ಪ್ರಸಾರವಾದದ್ದು ದೀಪಾವಳಿಗೆ ಸ್ವಲ್ಪ ಮೊದಲು. ಅದರಲ್ಲಿ ನಾನು ಹಾಡಿದ್ದು ನಮ್ಮ ಕಡೆ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗಿನ ಒಂದು ಹಾಡು. ಕೊನೆಯಲ್ಲಿ ಸ್ವರ ಮೇಲೆ ಮೇಲೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ತೀರ್ಪುಗಾರರು ಎದ್ದು ನಿಂತದ್ದು ಆ ಜಾಗಕ್ಕೆ. ಹೊರಡುವ ದಿನ ವಾಹಿನಿಯ ನಂದಿತಾ ಮೇಡಂ, ಸ್ಪರ್ಧಿಗಳ ಉಸ್ತುವಾರಿ ನೋಡುತ್ತಿದ್ದವರು, ನನ್ನ ಕೆನ್ನೆ ತಟ್ಟಿ, "ಫೋನ್ ಆನ್ ಇಟ್ಕೊಂಡಿರಿ ಮಾ, ಕರೀತೀವಿ. ಜನಕ್ಕೆ ನೆನಪಿರೋದು ಸ್ವಲ್ಪ ದಿನ ಅಷ್ಟೆ, ಅಷ್ಟರಲ್ಲಿ ಏನಾದ್ರೂ ಶುರು ಮಾಡ್ಬೇಕು" ಎಂದಿದ್ದರು. ಅದು ನನಗೆ ಸಿಕ್ಕಿದ ಅತಿ ಉತ್ತಮ ಸಲಹೆ ಎಂದು ಆಗ ತಿಳಿಯಲಿಲ್ಲ.

ಉಪ್ಪಿನಂಗಡಿಯಲ್ಲಿ ಬಸ್ಸಿಳಿದರೆ ತೆರೆದ ಜೀಪು ಕಾಯುತ್ತಿತ್ತು. ಅಲ್ಲಿಂದ ಕಡಬದವರೆಗೆ ಮೆರವಣಿಗೆ. ಜೀಪಿಗೆ ಕಟ್ಟಿದ ಮೈಕು ಅಪ್ಪನದ್ದೇ. ಹಬ್ಬ ಮುಗಿಸಿ ಬೆಂಗಳೂರಿಗೆ ಮರಳುವುದೆಂದು ಬಂದವಳು ನಾನು. ಆದರೆ ದೀಪಾವಳಿಯ ಮರುದಿನದಿಂದಲೇ ಮನೆಗೆ ಜನ ಬರಲು ಶುರುವಾಯಿತು.

ನಮ್ಮಲ್ಲಿ ಹೇಳಿಕೆಗೆ, ಅಂದರೆ ಕಾರ್ಯಕ್ಕೆ ಕರೆಯುವುದಕ್ಕೆ, ಒಂದು ಕ್ರಮ ಉಂಟು. ಕರೆಯುವವರು ಮನೆಗೇ ಬರಬೇಕು. ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು. ಆಮೇಲೆ ಮಳೆ, ಅಡಿಕೆಯ ಕೊಳೆರೋಗ, ಯಾರದೋ ಮೊಣಕಾಲು ನೋವು ಎಲ್ಲ ಮಾತಾಡಬೇಕು. ಇನ್ನೇನು ಹೊರಡುತ್ತಾರೆ ಎನ್ನುವಾಗ ಎದ್ದು ನಿಂತು ಚೀಲದಿಂದ ಆಮಂತ್ರಣ ಪತ್ರಿಕೆ ತೆಗೆದು ಎರಡು ಕೈಯಲ್ಲಿ ಕೊಟ್ಟು, "ನೀವು ಬಾರದಿದ್ರೆ ಆಗುದಿಲ್ಲ" ಎನ್ನಬೇಕು. ಹಾಗೆ ಕರೆದ ಮೇಲೆ ಹೋಗದಿರಲು ಮನೆಯಲ್ಲಿ ಒಂದು ಸಾವೇ ಆಗಬೇಕು. ಫೋನಿನಲ್ಲಿ ಕರೆದದ್ದು ಅಪ್ಪನ ಲೆಕ್ಕದಲ್ಲಿ ಕರೆಯೇ ಅಲ್ಲ. ಸುಳ್ಯದ ಚಿಕ್ಕಪ್ಪ ಮಗಳ ಮದುವೆಗೆ ಅವಸರದಲ್ಲಿ ಫೋನಿನಲ್ಲೇ ಹೇಳಿದರೆಂದು ಅಪ್ಪ ಆ ಮದುವೆಗೆ ಹೋಗಲಿಲ್ಲ. ಮದುವೆಯ ಹುಡುಗಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಅಣ್ಣತಮ್ಮಂದಿರ ಮಾತು ಸರಿಯಾದದ್ದು ಅಪ್ಪನ ಕೊನೆಯ ದಿನಗಳಲ್ಲಿ.

ನನ್ನ ಸನ್ಮಾನಕ್ಕೆ ಎಲ್ಲರೂ ಕ್ರಮಪ್ರಕಾರವೇ ಬಂದರು. ಯುವಕ ಮಂಡಲ, ಮಹಿಳಾ ಮಂಡಲ, ಹಾಲಿನ ಸೊಸೈಟಿ, ಹಳೆ ವಿದ್ಯಾರ್ಥಿ ಸಂಘ, ರಿಕ್ಷಾ ಚಾಲಕರು. ಒಂದು ತಂಡ ಅಂಗಳ ಇಳಿಯುವಾಗ ಇನ್ನೊಂದು ತಂಡ ಮೆಟ್ಟಿಲು ಹತ್ತುತ್ತಿತ್ತು. ಅಮ್ಮನ ಬೆಲ್ಲದ ಡಬ್ಬ ಖಾಲಿಯಾಗಿ ನೆರೆಮನೆಯಿಂದ ತಂದದ್ದೂ ಆಯಿತು. ಅವರೆಲ್ಲ ಅಪ್ಪನಿಂದ ಮೈಕು ಬಾಡಿಗೆಗೆ ಪಡೆಯುವವರೇ ಆಗಿದ್ದರಿಂದ ಒಬ್ಬರಿಗೆ ಹೌದು ಎಂದು ಇನ್ನೊಬ್ಬರಿಗೆ ಇಲ್ಲ ಎನ್ನುವ ಹಾಗೂ ಇರಲಿಲ್ಲ. "ಪಾಪ, ಮನೆಗೆ ಬಂದಿದ್ದಾರೆ ಮಗಾ" ಎನ್ನುತ್ತಿದ್ದರು ಅಪ್ಪ. ಆ ಒಂದು ಮಾತಿಗೆ ನಮ್ಮ ಮನೆಯಲ್ಲಿ ಎದುರು ಮಾತಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಅಪ್ಪನ ಮಗಳೇ ತಾನೆ ನಾನು.

ಪ್ರತಿ ಸಂಜೆ ಅದೇ ಕುರ್ಚಿ, ಅದೇ ಶಾಲು, ತಲೆಗೆ ಸಡಿಲಾಗಿ ಕಣ್ಣಿನ ಮೇಲೆ ಜಾರುವ ಅದೇ ಮೈಸೂರು ಪೇಟ, ಮಡಿಲಿಗೆ ಹಣ್ಣಿನ ಬುಟ್ಟಿ. ಒಬ್ಬರು ನನ್ನ ಗುಣಗಾನ ಓದುತ್ತಾರೆ. ಅದರಲ್ಲಿ ನಾನು ಹುಟ್ಟುವಾಗಲೇ ಹಾಡುತ್ತಾ ಹುಟ್ಟಿದವಳು. ಮತ್ತೆ "ಆ ಒಂದು ಹಾಡು" ಎಂಬ ಬೇಡಿಕೆ. ಬೇರೆ ಹಾಡಲು ಹೊರಟರೆ ಹಿಂದಿನ ಸಾಲಿನಿಂದ ಕೂಗು ಬರುತ್ತಿತ್ತು. ಮಾಗಿಯ ಚಳಿಯಲ್ಲಿ ಇಬ್ಬನಿ ಬೀಳುವ ಬಯಲಿನಲ್ಲಿ ಹಾಡಿದೆ, ಫೆಬ್ರವರಿಯ ನಂತರ ಕೆಂಪು ಧೂಳೇಳುವ ಶಾಲೆಯ ಮೈದಾನಗಳಲ್ಲಿ ಹಾಡಿದೆ. ಜ್ವರ ಬಂದಾಗ ಮಾತ್ರೆ ನುಂಗಿ ಹಾಡಿದೆ. ಊರಿಡೀ ನನ್ನನ್ನು ಪ್ರೀತಿಸಿತು, ಅದರಲ್ಲಿ ಸುಳ್ಳಿಲ್ಲ. ಆ ಪ್ರೀತಿಗೆ ಒಂದು ದಿನ ರಜೆ ಇರಲಿಲ್ಲ ಎನ್ನುವುದೂ ಸುಳ್ಳಲ್ಲ.

ಇದು ಸರಿಯಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದು ಇಸ್ಮಾಯಿಲಾಕ ಒಬ್ಬರೇ. ಕಡಬದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟವರು, ಅಪ್ಪನ ಸ್ನೇಹಿತರು. ಒಮ್ಮೆ ಅಪ್ಪನ ಜೊತೆ ವಯರ್ ತರಲು ಹೋದಾಗ ನನ್ನ ಕೆಮ್ಮು ಕೇಳಿ ಅವರು ಅಪ್ಪನನ್ನು ತರಾಟೆಗೆ ತೆಗೆದುಕೊಂಡರು.

"ಕೇಶವಣ್ಣ, ಇದು ಹುಡುಗಿಯಾ, ನಿಮ್ಮ ಆಂಪ್ಲಿಫೈಯರಾ? ಅದಕ್ಕಾದ್ರೂ ಬಿಸಿ ಆದ್ರೆ ಫ್ಯಾನ್ ಇಡ್ತೀರಿ."

"ಎಂತ ಮಾಡುದು ಇಸ್ಮಾಯಿಲಾಕ, ಮನೆಗೆ ಬಂದು ಕರೀತಾರೆ."

"ಬರ್ಲಿ. ನೀರು ಕೊಟ್ಟು ಕಳಿಸಿ. ಬೆಂಗಳೂರಿನವರು ಎಂತ ಹೇಳಿದ್ರು?"

"ಅವರು ಇನ್ನೂ ಕರೀಲಿಲ್ಲ. ಕರೆಯುದಾದ್ರೆ ಕ್ರಮದಲ್ಲಿ ಕರೀತಾರೆ."

ಇಸ್ಮಾಯಿಲಾಕ ನಕ್ಕುಬಿಟ್ಟರು. "ಯಾವ ಕ್ರಮ ಮಾರಾಯ್ರೆ? ನನ್ನ ಇಬ್ಬರು ಮಕ್ಕಳಿಗೆ ದುಬೈಯಲ್ಲಿ ಕೆಲಸ ಆದದ್ದು ಫೋನಲ್ಲಿ. ಮೊಮ್ಮಗ ಹುಟ್ಟಿದ್ದು ಗೊತ್ತಾದದ್ದು ಫೋನಲ್ಲಿ. ಅವನ ಮುಖ ನಾನು ನೋಡಿದ್ದೂ ಫೋನಲ್ಲೇ. ನಿಮಗೆ ಮಾತ್ರ ಬೆಲ್ಲ ನೀರು ಕುಡಿದೇ ಹೇಳ್ಬೇಕಾ?"

ಅಪ್ಪ ಅದನ್ನು ತಮಾಷೆ ಎಂದು ತಿಳಿದು ತಾವೂ ನಕ್ಕರು.

ನಂದಿತಾ ಮೇಡಂ ಫೋನ್ ಮಾಡಿದ್ದು ಸೆಖೆ ಶುರುವಾದ ಮೇಲೆ, ಗೇರುಹಣ್ಣಿನ ದಿನಗಳಲ್ಲಿ. ವಾರಕ್ಕೊಂದು ಹೊಸ ಕಾರ್ಯಕ್ರಮ ಬರಲಿದೆ, ಊರೂರು ಸುತ್ತಿ ಹಾಡುಗಾರರನ್ನು ಮಾತಾಡಿಸುವುದು, ಮಾತಾಡಿಸುತ್ತಾ ಹಾಡುವುದು. ನಿರೂಪಕಿಯಾಗಿ ನನ್ನ ಹೆಸರನ್ನು ಅವರೇ ಹೇಳಿದ್ದಾರೆ. ಶುಕ್ರವಾರ ಬಂದು ಕ್ಯಾಮೆರಾ ಮುಂದೆ ಒಮ್ಮೆ ನಿಂತರೆ ಸಾಕು. "ಬರೀ ಫಾರ್ಮಾಲಿಟಿ ಮಾ. ಬಂದ್ಬಿಡಿ."

ಅದೇ ಶುಕ್ರವಾರ ಪೆರಾಬೆಯಲ್ಲಿ ಒಂದು ಭಜನಾ ಮಂದಿರದ ವಾರ್ಷಿಕೋತ್ಸವ. ಅವರು ತಿಂಗಳ ಹಿಂದೆಯೇ ಮನೆಗೆ ಬಂದು ಹೇಳಿದ್ದರು. ಪತ್ರಿಕೆಯಲ್ಲಿ ನನ್ನ ಫೋಟೋ ಅಚ್ಚಾಗಿತ್ತು, ದಾರಿಯುದ್ದಕ್ಕೂ ನನ್ನ ಮುಖದ ಫ್ಲೆಕ್ಸ್ ನಿಂತಿತ್ತು.

ಆ ಸಂಜೆ ನಾವು ಮೂವರೂ ಜಗಲಿಯಲ್ಲಿ ಕೂತೆವು. ಅಪ್ಪ ಬೀಸಣಿಗೆ ಬೀಸುತ್ತಾ ಯೋಚಿಸಿ ಯೋಚಿಸಿ ಮಾತಾಡಿದರು. "ಅವರಿಗೆ ನೀನು ನಿಜವಾಗಿ ಬೇಕಾದ್ರೆ ಒಂದು ವಾರ ಕಾಯ್ಲಿಕ್ಕೆ ಆಗುದಿಲ್ವಾ? ಒಂದು ಜನ ಕಳಿಸ್ಲಿಕ್ಕೆ ಆಗುದಿಲ್ವಾ? ನಿಂತ ಕಾಲಲ್ಲಿ ಫೋನ್ ಮಾಡಿ ಬಾ ಅಂದ್ರೆ ಅದು ಬೇರೆ ಯಾರೋ ಸಿಗದ ಕಾರಣ ಕರೆದ ಹಾಗೆ."

ಅಮ್ಮ, "ಹೋಗ್ಲಿ ಬಿಡಿ, ಒಂದು ದಿನದ ಸಂಗತಿ ಅಲ್ವಾ" ಎಂದು ನನ್ನ ಪರವಾಗಿ ಬಾಯಿ ಹಾಕಿದರು.

"ಪೆರಾಬೆಯವರ ಮುಖ ಹೇಗೆ ನೋಡುದು ನಾನು?" ಎಂದು ಅಪ್ಪ ನನ್ನತ್ತ ತಿರುಗಿದರು. "ನೀನೇ ಹೇಳು ಮಗಾ."

ಇಲ್ಲಿ ನಾನು ಅಪ್ಪನೊಬ್ಬರ ಮೇಲೆ ಹೊರೆ ಹಾಕಿದರೆ ನ್ಯಾಯವಾಗುವುದಿಲ್ಲ. ನನಗೂ ಅಪ್ಪ ಹೇಳಿದ್ದೇ ಸರಿ ಅನ್ನಿಸಿತ್ತು. ನಮ್ಮಲ್ಲಿ ಬೇಕಾದವರಿಗಾಗಿ ಕಾಯುತ್ತಾರೆ. ಮದುವೆಯ ಮುಹೂರ್ತ ಬಿಟ್ಟರೆ ಉಳಿದದ್ದೆಲ್ಲ ಬೇಕಾದವರು ಬರುವವರೆಗೆ ನಿಲ್ಲುತ್ತದೆ. ಬೆಂಗಳೂರು ಮಾತ್ರ ಬೇರೆ ಎಂದು ನನಗೆ ಹೊಳೆಯಲಿಲ್ಲ. ಫೋನ್ ಮಾಡಿ, "ಮುಂದಿನ ವಾರ ಬರ್ತೇನೆ ಮೇಡಂ" ಅಂದೆ. ಅವರು ಬೇಸರವನ್ನೇನೂ ತೋರಿಸಲಿಲ್ಲ. "ಆಯ್ತು ಮಾ, ಪರವಾಗಿಲ್ಲ" ಎಂದರು. ಪರವಾಗಿಲ್ಲ ಎಂದ ಮೇಲೆ ನಾನು ನಿಶ್ಚಿಂತೆಯಿಂದ ಪೆರಾಬೆಗೆ ಹೋದೆ.

ಪೆರಾಬೆಯಲ್ಲಿ ನನ್ನ ಸ್ವರ ಬಿರಿಯಿತು. ಹಾಡು ಮೇಲಕ್ಕೇರಿ ನಿಲ್ಲಬೇಕಾದ ಜಾಗಕ್ಕೆ ಬರುವಾಗ ಗಂಟಲಲ್ಲಿ ಏನೋ ಹರಿದಂತಾಗಿ ಗಾಳಿ ಮಾತ್ರ ಹೊರಬಂತು. ಹೆದರಿ ಕಣ್ಣು ಮುಚ್ಚಿದೆ. ಆದರೆ ಪೆಟ್ಟಿಗೆಗಳಿಂದ ಸ್ವರ ಹಿಂದಿನ ಹಾಗೆಯೇ ಅಲೆ ಅಲೆಯಾಗಿ ಕೇಳುತ್ತಿತ್ತು. ಜನ ಜೋರಾಗಿ ಚಪ್ಪಾಳೆ ಹೊಡೆದರು. ನನಗೆ ಆಶ್ಚರ್ಯವೂ ಆಯಿತು, ಸಮಾಧಾನವೂ ಆಯಿತು. ಮನಸ್ಸಿನ ಭ್ರಮೆಯಿರಬೇಕು ಎಂದುಕೊಂಡೆ.

ಭ್ರಮೆಯಲ್ಲ, ಅದು ಅಪ್ಪನ ಕೈಚಳಕ. ಸ್ವರ ಬಿರಿಯುವ ಒಂದು ಕ್ಷಣ ಮೊದಲೇ ಅವರಿಗೆ ಗೊತ್ತಾಗಿದೆ. ಮಿಕ್ಸರಿನಲ್ಲಿ ಎಕೋ ಏರಿಸಿ, ನಾನು ಮೊದಲು ಹಾಡಿದ ಸ್ವರದ ಬಾಲವನ್ನೇ ಎಳೆದು ಎಳೆದು ಆ ಖಾಲಿ ಜಾಗ ತುಂಬಿದ್ದಾರೆ. ಅಷ್ಟು ವರ್ಷ ನೆಗಡಿ ಹಿಡಿದ ಯಕ್ಷಗಾನದ ಭಾಗವತರಿಂದ ಹಿಡಿದು ಭಾಷಣದಲ್ಲಿ ತಡವರಿಸುವ ಅಧ್ಯಕ್ಷರವರೆಗೆ ಎಲ್ಲರ ಮಾನ ಕಾಪಾಡಿದ ಕೈ ಅದು. ಆಮೇಲಿನ ಪ್ರತಿ ಕಾರ್ಯಕ್ರಮದಲ್ಲೂ ಅವರು ಹಾಗೇ ಮಾಡಿದರು. ನನ್ನ ಸ್ವರ ಒಳಗೊಳಗೇ ಹಾಳಾಗುತ್ತಾ ಹೋಯಿತು, ಹೊರಗೆ ಮಾತ್ರ ಅದು ಕಡಬ, ಸುಳ್ಯ, ಪುತ್ತೂರಿನ ಬಯಲುಗಳಲ್ಲಿ ಮೊದಲಿಗಿಂತ ಚಂದ ಕೇಳುತ್ತಿತ್ತು. ಮಗಳು ಮುಂದೆ ನಿಂತು ಹಾಡುವಾಗ ಜನರೆದುರು ಅವಳು ಸೋಲುವುದನ್ನು ನೋಡಲು ಅಪ್ಪನಿಂದ ಆಗಲಿಲ್ಲ, ಅಷ್ಟೇ. ಇದನ್ನು ಅವರೇ ನನಗೆ ಆಮೇಲೆ ಹೇಳಿದ್ದು.

ಮುಂದಿನ ವಾರ ನಾನು ಫೋನ್ ಮಾಡಿದೆ. ನಂದಿತಾ ಮೇಡಂ ಮೀಟಿಂಗಿನಲ್ಲಿದ್ದರು. ಮರುದಿನ ಶೂಟಿಂಗಿನಲ್ಲಿದ್ದರು. ನಂತರ ಅವರ ಫೋನು ರಿಂಗಾಗಿ ರಿಂಗಾಗಿ ನಿಲ್ಲತೊಡಗಿತು. ಯುಗಾದಿ ಕಳೆದು ಒಂದು ಭಾನುವಾರ ಅಮ್ಮ, "ಬಾ ಬಾ, ನಿಮ್ಮ ಜೊತೆಯವಳು ಬರ್ತಿದ್ದಾಳೆ" ಎಂದು ಟಿವಿಯ ಮುಂದಿನಿಂದ ಕೂಗಿದರು. ಹೋಗಿ ನೋಡಿದರೆ ಫೈನಲ್‌ನಲ್ಲಿ ನನ್ನ ಪಕ್ಕ ನಿಂತು ಸೋತು ಅತ್ತಿದ್ದ ಹಾಸನದ ಹುಡುಗಿ, ಎರಡನೆಯ ಸ್ಥಾನದವಳು, ಯಾವುದೋ ಊರಿನ ಹೊಲದ ಬದಿಯಲ್ಲಿ ನಿಂತು ನಗುನಗುತ್ತಾ ಹಾಡುಗಾರರನ್ನು ಮಾತಾಡಿಸುತ್ತಿದ್ದಳು. ನನಗೆ ಹೇಳಿದ್ದ ಅದೇ ಕಾರ್ಯಕ್ರಮ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ತುತ್ತನ್ನು ನಾನೇ ಪೆರಾಬೆಗೆ ಹೋಗಿ ಕೆಳಗಿಟ್ಟು ಬಂದಿದ್ದೆ. ಅಪ್ಪ ಎದ್ದು ಶೆಡ್ಡಿಗೆ ಹೋಗಿ ವಯರ್ ಸುತ್ತುತ್ತಾ ಕೂತರು. ಆವತ್ತು ಸಂಜೆ ಸುಳ್ಯದಲ್ಲಿ ಸನ್ಮಾನವಿತ್ತು. ಹೋದೆವು. ಹೇಳಿಕೆ ಕೊಟ್ಟಿದ್ದರಲ್ಲ.

ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಸೆಖೆ, ಬೆವರು, ಶಾಲು. ಆ ಸೆಖೆಯಲ್ಲಿ ಹೆಗಲಿಗೆ ಜರಿಯ ಶಾಲು ಹೊದಿಸುವ ನಮ್ಮ ಪದ್ಧತಿಯನ್ನು ಯಾರು ಶುರು ಮಾಡಿದರೋ. ಮನೆಯ ಒಂದು ಮಂಚ ಸ್ಮರಣಿಕೆಗಳಿಗೇ ಆಯಿತು, ಹಣ್ಣಿನ ಬುಟ್ಟಿಗಳನ್ನು ತಿನ್ನುವವರಿಲ್ಲದೆ ನೆರೆಹೊರೆಗೆ ಹಂಚಿ, ಉಳಿದದ್ದನ್ನು ದನಕ್ಕೆ ಹಾಕಿದೆವು. ಕೊನೆಗೆ ದನವೂ ಮೂಸಿ ಮುಖ ತಿರುಗಿಸಿತು.

ಪತ್ತನಾಜೆ ಬಂತು. ತುಳು ತಿಂಗಳು ಬೇಶದ ಹತ್ತನೆಯ ದಿನ, ದೈವಗಳ ನೇಮ, ಯಕ್ಷಗಾನ, ಉತ್ಸವಗಳಿಗೆಲ್ಲ ಆ ವರ್ಷಕ್ಕೆ ತೆರೆ ಬೀಳುವ ದಿನ. ಅಪ್ಪ ಪೆಟ್ಟಿಗೆಗಳನ್ನು ಒರೆಸಿ ಶೆಡ್ಡಿನೊಳಗೆ ಜೋಡಿಸಿದರು. ಮರುದಿನದಿಂದ ನಮ್ಮ ಮೆಟ್ಟಿಲು ಯಾರೂ ಹತ್ತಲಿಲ್ಲ. ಯಾರೂ ಎಂದರೆ ಯಾರೂ ಇಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ, ಪತ್ತನಾಜೆಯ ಮೇಲೆ ದೈವಗಳೇ ಕೆಳಗಿಳಿಯುವುದಿಲ್ಲ, ಸಮಿತಿಯವರು ಯಾಕೆ ಬರುತ್ತಾರೆ? ಮಳೆ ಹಿಡಿಯಿತು. ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಕೂತರೆ ಮೇಲಿನ ಸ್ವರ ಬರಲೇ ಇಲ್ಲ. ಅಲ್ಲಿ ಎಕೋ ಇರಲಿಲ್ಲ, ನಾಲ್ಕು ಗೋಡೆ ಮತ್ತು ನನ್ನ ಗಂಟಲು ಮಾತ್ರ. ಆ ದಿನವೇ ಅಪ್ಪ ಎದುರು ಬಂದು ಕೂತು, ಪೆರಾಬೆಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದರು. ನಾನು ಅವರ ಮೇಲೆ ಕೂಗಬೇಕೆಂದುಕೊಂಡೆ. ಕೂಗಲು ಸ್ವರವೇ ಇರಲಿಲ್ಲ.

ಪುತ್ತೂರಿನ ಡಾಕ್ಟರು ನೋಡಿ ಮಂಗಳೂರಿಗೆ ಕಳುಹಿಸಿದರು. ಅಲ್ಲಿ ಸ್ವರತಂತುಗಳ ಮೇಲೆ ಗಂಟುಗಳಾಗಿವೆ ಎಂದು ಒಂದು ಸಣ್ಣ ಆಪರೇಷನ್ ಮಾಡಿದರು. ಹಾಡುವ ಸ್ವರ ಹಿಂದಿನ ಹಾಗೆ ಬರುವ ಭರವಸೆ ಕೊಡಲಾರೆ ಎಂದರು. ತಾವು ಹೇಳುವವರೆಗೆ ಒಂದು ಅಕ್ಷರ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು. ಅಮ್ಮ ಪೇಟೆಯಿಂದ ಒಂದು ಸ್ಲೇಟು ತಂದುಕೊಟ್ಟರು. ಜೀವನದಲ್ಲಿ ಮೊದಲ ಸಲ ಮೈಕಿನ ಕೇಶವಣ್ಣನ ಮನೆ ಮೌನವಾಯಿತು. ಹೊರಗೆ ಹಗಲಿಡೀ ಮಳೆ. ನಾನು ಮಾತಾಡದ ಕಾರಣ ಅವರಿಬ್ಬರೂ ಮಾತು ಕಡಿಮೆ ಮಾಡಿದರು. ಊಟಕ್ಕೆ ಕೂತರೆ ಬಟ್ಟಲಿನ ಸದ್ದು ಮಾತ್ರ ಕೇಳುತ್ತಿತ್ತು.

ಅಪ್ಪನಿಗೆ ನಿದ್ದೆ ಬಿಟ್ಟುಹೋಗಿತ್ತು. ಆಟಿ ತಿಂಗಳ, ಅಂದರೆ ನಮ್ಮ ಕಡೆಯ ಆಷಾಢದ, ಒಂದು ಬೆಳಿಗ್ಗೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಚೀಲ ಹಿಡಿದು ಜಗಲಿಗೆ ಬಂದರು. ಚೀಲದಲ್ಲಿ ಒಂದು ಹಿತ್ತಾಳೆಯ ಹರಿವಾಣ, ಬಾಳೆಲೆಯಲ್ಲಿ ಸುತ್ತಿದ ವೀಳ್ಯದೆಲೆ, ಅಡಿಕೆ, ಒಂದು ಚಿಪ್ಪು ಕದಳಿ ಹಣ್ಣು.

"ಬೆಂಗಳೂರಿಗೆ ಹೋಗಿ ಬರ್ತೇನೆ" ಎಂದರು. "ನಾವೇ ಕ್ರಮ ತಪ್ಪಿದ್ದು. ನಾವೂ ಅವರನ್ನು ಒಂದು ದಿನ ಮನೆಗೆ ಕರೀಲಿಲ್ಲ ಅಲ್ವಾ? ಫೋನಲ್ಲಿ ಕೇಳಿದ್ರೆ ಆಗುದಿಲ್ಲ, ಎದುರು ನಿಂತು ಕೇಳ್ಬೇಕು. ಹಾಡ್ಲಿಕ್ಕೆ ಆಗದಿದ್ರೂ ಮಾತಾಡುವ ಕೆಲಸ ಉಂಟಲ್ಲ ಅವರಲ್ಲಿ. ಮಾತಾಡ್ಲಿಕ್ಕೆ ಮೇಲಿನ ಸ್ವರ ಎಂತಕ್ಕೆ?"

ಆಟಿಯಲ್ಲಿ ನಮ್ಮವರು ಯಾರೂ ಹೇಳಿಕೆಗೆ ಹೊರಡುವುದಿಲ್ಲ. ಅದನ್ನೂ ಮೀರಿ ಅವರು ಹೊರಟಿದ್ದರು. ನಾನು ಸ್ಲೇಟಿನಲ್ಲಿ 'ಬೇಡ ಅಪ್ಪ' ಎಂದು ಬರೆದು ಹಿಡಿದೆ. ಅವರು ಓದಿ, ತಲೆ ನೇವರಿಸಿ, ಕೊಡೆ ಬಿಡಿಸಿ ಇಳಿದೇಬಿಟ್ಟರು.

ಮರುದಿನ ಸಂಜೆ ನನ್ನ ಫೋನ್ ರಿಂಗಾಯಿತು. ಎಷ್ಟೋ ತಿಂಗಳಿನಿಂದ ನಾನು ಕಾಯುತ್ತಿದ್ದ ಹೆಸರು. ಕಿವಿಗೆ ಹಿಡಿದೆ.

"ಹಲೋ ಮಾ, ಅಪ್ಪ ಬಂದಿದ್ರು" ಎಂದರು ನಂದಿತಾ ಮೇಡಂ. "ಬೆಳಿಗ್ಗೆಯಿಂದ ಕೆಳಗೆ ರಿಸೆಪ್ಷನ್‌ನಲ್ಲಿ ಕೂತಿದ್ರಂತೆ, ನಂಗೆ ಗೊತ್ತೇ ಇರ್ಲಿಲ್ಲ. ಮಧ್ಯಾಹ್ನ ಊಟಕ್ಕೆ ಇಳಿದಾಗ ಎದ್ದು ನಿಂತು ತಟ್ಟೇಲಿ ಎಲೆ ಅಡಿಕೆ ಇಟ್ಕೊಂಡು ಎರಡು ಕೈಲಿ ಹಿಡಿದ್ರು. 'ನೀವು ಒಮ್ಮೆ ನಮ್ಮ ಮನೆಗೆ ಬರಬೇಕು, ಬಾರದಿದ್ರೆ ಆಗುದಿಲ್ಲ' ಅಂದ್ರು. ಎಲ್ಲಾ ನೋಡ್ತಾ ಇದ್ರು. ನಂಗೆ ಅದನ್ನ ತಗೋಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ ಮಾ... ಹಲೋ? ಕೇಳಿಸ್ತಿದ್ಯಾ? ಅಲ್ಲಿ ನೆಟ್‌ವರ್ಕ್ ಇಲ್ಲ ಅನ್ಸುತ್ತೆ. ಸರಿ, ಕೇಳಿಸಿದ್ರೆ ಸಾಕು. ಹೊಸ ಸೀಸನ್ ಆಡಿಷನ್ ಶುರು ಆಗಿದೆ. ಹೋದ ಸಲದವರಿಗೆ ಅಂತ ಇನ್ನು ನಮ್ಮ ಹತ್ರ ಏನೂ ಇಲ್ಲ. ಅವರಿಗೂ ಹಾಗೇ ಹೇಳಿ ಕಳಿಸಿದೀನಿ. ನೀವೂ ಸ್ವಲ್ಪ ತಿಳಿಸಿ ಹೇಳಿ. ಪಾಪ, ವಯಸ್ಸಾದವರು, ಮತ್ತೆ ಬರೋದು ಬೇಡ."

ಅವರು ಕೆಟ್ಟವರಲ್ಲ. ಧ್ವನಿಯಲ್ಲಿ ಮುಜುಗರವಿತ್ತು, ಕನಿಕರವೂ ಇತ್ತು. ನಾನು ಒಂದು ಹೂಂ ಎನ್ನಲೂ ಆಗದೆ ಫೋನ್ ಹಿಡಿದುಕೊಂಡೇ ನಿಂತೆ. ಅಮ್ಮ ಕೊಟ್ಟಿಗೆಯಲ್ಲಿದ್ದರು, ಅವರಿಗೆ ಕೇಳಿಸಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚು ಅಪ್ಪನ ಮೇಲೆ. ಹೋಗಬೇಡವೆಂದರೂ ಹೋಗಿ ನನ್ನ ಉಳಿದ ಮಾನವನ್ನೂ ಹರಿವಾಣದಲ್ಲಿಟ್ಟು ಬಂದರಲ್ಲ ಎಂದು. ಅವರು ಬಂದ ಕೂಡಲೇ ತೋರಿಸಬೇಕೆಂದು ಸ್ಲೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ: 'ಅವರು ಫೋನ್ ಮಾಡಿದ್ದರು. ಎಲ್ಲ ಹೇಳಿದರು.'

ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬಸ್ಸುಗಳೆಲ್ಲ ಸುತ್ತು ದಾರಿಯಲ್ಲಿ ಬರುತ್ತಿದ್ದವು. ಅಪ್ಪ ಮನೆ ಮುಟ್ಟುವಾಗ ಮರುದಿನದ ಬೆಳಗ್ಗಿನ ಚಹಾದ ಹೊತ್ತು ಮೀರಿತ್ತು. ಬಿಳಿ ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಅಮ್ಮ ಟವೆಲ್ ಕೊಟ್ಟು, "ಎಂತ ಹೇಳಿದ್ರು?" ಎಂದು ಕೇಳಿದರು. ನಾನು ಬಾಗಿಲಿಗೆ ಒರಗಿ, ಸ್ಲೇಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ.

"ಭಾರೀ ಮರ್ಯಾದೆಯಲ್ಲಿ ಮಾತಾಡಿದ್ರು" ಎಂದರು ಅಪ್ಪ, ಕೊಡೆ ಮಡಚುತ್ತಾ. "ಕೂರಿಸಿದ್ರು, ನೀರು ಕೊಟ್ರು. ಹರಿವಾಣಕ್ಕೆ ಕೈ ಮುಟ್ಟಿಸಿ ನಮಸ್ಕಾರ ಮಾಡಿದ್ರು. ಮಳೆ ಕಡಿಮೆ ಆದ ಮೇಲೆ ಅವರೇ ಮನೆಗೆ ಬಂದು ಇವಳನ್ನು ಕರೀತಾರಂತೆ."

ಅಮ್ಮನ ಮುಖ ಅರಳಿದ್ದನ್ನು ನಾನು ಆ ಮಳೆಗಾಲದಲ್ಲಿ ಮೊದಲ ಸಲ ನೋಡಿದೆ. "ಹೌದಾ? ಎಷ್ಟು ಜನ ಬರ್ತಾರಂತೆ?"

ಅಪ್ಪ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ, "ಮೂರ್ನಾಲ್ಕು ಜನ ಬರ್ಬಹುದು" ಎಂದರು.

"ಊಟ ಮಾಡಿಸದೆ ಕಳಿಸ್ಲಿಕ್ಕೆ ಉಂಟಾ? ಮೀನು ತಿನ್ತಾರಾ ಅವರು? ಕೇಳ್ಲಿಕ್ಕಿಲ್ವಾ ನೀವು?"

ಎಕೋ ಒಂದು ಬಿಟ್ಟರೆ ಅಪ್ಪನಿಗೆ ಬೇರೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಈ ಪ್ರಶ್ನೆಗೆ ಅವರು ಸಿದ್ಧರಾಗಿರಲಿಲ್ಲ. ಆಗ ಮಾತ್ರ, ಮನೆಗೆ ಬಂದ ಮೇಲೆ ಮೊದಲ ಬಾರಿಗೆ, ಕಣ್ಣೆತ್ತಿ ನನ್ನನ್ನು ನೋಡಿದರು. ಆ ನೋಟಕ್ಕೆ ನನ್ನ ಇಡೀ ವರ್ಷದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸ್ಲೇಟಿನ ಬರಹವನ್ನು ಲಂಗಕ್ಕೆ ಒತ್ತಿ ಒರೆಸಿದೆ.

"ತಿನ್ತಾರೆ ಅಮ್ಮ" ಅಂದೆ.

ಅಷ್ಟು ದಿನಗಳ ಮೇಲೆ ನನ್ನಿಂದ ಹೊರಟ ಮೊದಲ ಮಾತು ಅದು. ಸ್ವರ ನನ್ನದೆನಿಸಲಿಲ್ಲ. ಒರಟಾಗಿ, ತಗ್ಗಿ, ವಯಸ್ಸಾದ ಹೆಂಗಸಿನ ಸ್ವರದ ಹಾಗಿತ್ತು. ಅಮ್ಮ ಗಾಬರಿಯಿಂದ "ಮಾತಾಡ್ಬೇಡ, ಮಾತಾಡ್ಬೇಡ" ಎಂದು ಕೈ ಬೀಸಿದರೂ ನಾನು ನಿಲ್ಲಿಸಲಿಲ್ಲ.

"ಆ ಮೇಡಂಗೆ ನಮ್ಮ ಕಡೆಯ ಬಂಗುಡೆ ಅಂದ್ರೆ ಜೀವ. ನನ್ನ ಹತ್ರ ಮೊದಲೇ ಹೇಳಿದ್ದಾರೆ."

ಅಮ್ಮ ತೃಪ್ತಿಯಿಂದ ತಲೆಯಾಡಿಸಿ, ಮಳೆ ಬಿಟ್ಟ ಮೇಲೆ ಒಳ್ಳೆಯ ಬಂಗುಡೆ ಯಾರಲ್ಲಿ ಸಿಗಬಹುದೆಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ ಒಳಗೆ ಹೋದರು. ಅಪ್ಪ ಮಡಚಿದ್ದ ಕೊಡೆಯನ್ನು ಮತ್ತೆ ಬಿಡಿಸಿದರು, ಒಣಗಲು ಇಡುವವರ ಹಾಗೆ ಬಗ್ಗಿ, ನನಗೆ ಬೆನ್ನು ಹಾಕಿ ಬಹಳ ಹೊತ್ತು ಹಾಗೆಯೇ ಇದ್ದರು.